ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ: ಪುಣೆಯಲ್ಲಿ ಬಳಕೆ ಮತ್ತು ಪಾಲನೆ

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ: ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯ ಮೂಲಕ ದೃಶ್ಯವನ್ನು ಕಣ್ಣಿಗೆ ತೋರಿಸಿ, ಗುಂಡಿ ಒತ್ತಿದ ಕ್ಷಣ ಆ ಕನ್ನಡಿಯನ್ನು ಮೇಲೆತ್ತಿ ಸೆನ್ಸರ್ ಮೇಲೆ ಬೆಳಕು ಬೀಳಿಸುವ ಡಿಜಿಟಲ್ ಕ್ಯಾಮೆರಾ. ಇಲ್ಲಿ ‘ಹಳೆಯದು’ ಎಂದಿರುವುದು ಮುಖ್ಯವಾಗಿ 2003ರಿಂದ 2012ರವರೆಗೆ ಮಾರುಕಟ್ಟೆಗೆ ಬಂದು, ಈಗ ಕಂಪನಿಯ ಬಿಡಿಭಾಗಗಳು ಸಿಗುವುದು ನಿಂತುಹೋಗಿರುವ ಅಥವಾ ನಿಲ್ಲುವ ಹಂತದಲ್ಲಿರುವ ಮಾದರಿಗಳನ್ನು. ಪುಣೆಯಲ್ಲಿ ಇಂಥ ಕ್ಯಾಮೆರಾಗಳು ವಿದ್ಯಾರ್ಥಿಗಳ ಚೀಲದಲ್ಲಿ, ಮದುವೆ ಫೋಟೋಗ್ರಾಫರರ ಎರಡನೇ ಬಾಡಿಯಾಗಿ, ಪಕ್ಷಿವೀಕ್ಷಕರ ಕೊರಳಲ್ಲಿ, ಎಷ್ಟೋ ಮನೆಗಳ ಕಪಾಟಿನಲ್ಲಿ ಇವೆ. ಕಪಾಟಿನಲ್ಲಿರುವವೇ ಬೇಗ ಹಾಳಾಗುತ್ತವೆ. ಇವುಗಳ ಆಯುಷ್ಯವನ್ನು ನಿರ್ಧರಿಸುವುದು ಮೆಗಾಪಿಕ್ಸೆಲ್ ಸಂಖ್ಯೆಯಾಗಲಿ ತಯಾರಾದ ವರ್ಷವಾಗಲಿ ಅಲ್ಲ. ತೇವ, ಬ್ಯಾಟರಿ ಮತ್ತು ಬಳಕೆಯ ರೂಢಿ.

ಹಿನ್ನೆಲೆ

ಕೊಡಕ್ ಕಂಪನಿ 1991ರಲ್ಲಿ ನಿಕಾನ್ ಎಫ್3 ಫಿಲಂ ಕ್ಯಾಮೆರಾದ ಒಡಲಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಜೋಡಿಸಿ ಮಾರಿದ ಡಿಸಿಎಸ್ ಈ ವಂಶದ ಮೂಲ. ನಿಕಾನ್ ಡಿ1 (1999) ಪತ್ರಿಕಾ ಛಾಯಾಗ್ರಾಹಕರನ್ನು ಫಿಲಂನಿಂದ ಬಿಡಿಸಿತು. ಸಾಮಾನ್ಯ ಹವ್ಯಾಸಿಯ ಕೈಗೆ ಡಿಎಸ್‌ಎಲ್‌ಆರ್ ತಂದುಕೊಟ್ಟದ್ದು 2003ರ ಕ್ಯಾನನ್ ಇಒಎಸ್ 300ಡಿ ಮತ್ತು 2004ರ ನಿಕಾನ್ ಡಿ70. ಎರಡೂ ಸುಮಾರು 6 ಮೆಗಾಪಿಕ್ಸೆಲಿನವು. ಮುಂದಿನ ಹತ್ತು ವರ್ಷಗಳಲ್ಲಿ ಬಂದ ಡಿ40, ಡಿ80, 400ಡಿ, ಡಿ90, 1000ಡಿ, ಡಿ7000 ಮುಂತಾದವೇ ಇಂದಿನ ಹಳೆಯ ಮಾಲಿನ ಬಹುಪಾಲು. 2008ರಲ್ಲಿ ಡಿ90 ಮೊದಲ ಬಾರಿಗೆ ಡಿಎಸ್‌ಎಲ್‌ಆರ್‌ಗೆ ವಿಡಿಯೊ ತಂದಿತು. ಒಮ್ಮೆಗೆ ಐದೇ ನಿಮಿಷ, 720ಪಿ. ಅದೇ ವರ್ಷದ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಎಚ್‌ಡಿ ವಿಡಿಯೊ ಕೊಟ್ಟು ಚಲನಚಿತ್ರದವರನ್ನೂ ಸೆಳೆಯಿತು. ಅಮೋಲ್ ಗುಪ್ತೆಯವರ ‘ಸ್ಟಾನ್ಲಿ ಕಾ ಡಬ್ಬಾ’ (2011) ಕ್ಯಾನನ್ 7ಡಿಯಲ್ಲಿ ಚಿತ್ರಿತವಾದ ಸಿನಿಮಾ. ಪ್ರಭಾತ್ ಸ್ಟುಡಿಯೊದ ನೆಲದಲ್ಲಿ 1960ರಲ್ಲಿ ಆರಂಭವಾದ ಫಿಲಂ ಇನ್‌ಸ್ಟಿಟ್ಯೂಟ್ ಇರುವ ಊರಿನಲ್ಲಿ ಕಡಿಮೆ ಖರ್ಚಿನ ಇಂಥ ಕ್ಯಾಮೆರಾಗಳಿಗೆ ಗಿರಾಕಿ ಹುಟ್ಟಿದ್ದು ಸಹಜ. 2020ರಲ್ಲಿ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ಬಂದ ಮೇಲೆ ಎರಡೂ ಕಂಪನಿಗಳ ಗಮನ ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ತಿರುಗಿತು. ಹೊಸದಕ್ಕೆ ಬದಲಾದವರು ಬಿಟ್ಟ ಬಾಡಿಗಳು ಮಾರುಕಟ್ಟೆಗೆ ಹರಿದುಬಂದವು, ಬೆಲೆ ಇಳಿಯಿತು.

ಹಳೆಯ ಸೆನ್ಸರ್ ಇಂದಿಗೆ ಸಾಲದೆಂಬ ಭಾವನೆಗೆ ಆಧಾರ ಕಡಿಮೆ. ಡಿ40ರ ಚಿತ್ರ 3008×2000 ಪಿಕ್ಸೆಲ್. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 10 ಇಂಚು ಅಗಲ ಬರುತ್ತದೆ. 10 ಮೆಗಾಪಿಕ್ಸೆಲಿನ ಡಿ80 ಅಥವಾ 400ಡಿ ದೀಪಾವಳಿ ವಿಶೇಷಾಂಕದ ಒಂದು ಪುಟವನ್ನು ನಿರಾಯಾಸವಾಗಿ ತುಂಬುತ್ತದೆ. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರಿನ ಬಣ್ಣಕ್ಕೆ ವಿಶೇಷ ಮಾಯೆಯಿದೆ ಎಂದು ಈಚೆಗೆ ಹರಡಿರುವ ಮಾತಿನಲ್ಲಿ ಸತ್ಯಾಂಶ ಸ್ವಲ್ಪವೇ. ಆ ಬಣ್ಣದ ಹೆಚ್ಚಿನ ಪಾಲು ಕಂಪನಿ ಜೆಪೆಗ್ ತಯಾರಿಸಲು ಅಳವಡಿಸಿದ ಲೆಕ್ಕಾಚಾರದ್ದು. ಆದರೆ ಡಿ40, ಡಿ50, ಡಿ70ಗಳ ಒಂದು ಗುಣ ನಿಜಕ್ಕೂ ಬೆಲೆಬಾಳುವಂಥದು: ಫ್ಲ್ಯಾಶ್ ಜೊತೆಗೆ 1/500 ಸೆಕೆಂಡ್ ವೇಗ. ಮಧ್ಯಾಹ್ನದ ಬಿಸಿಲಿನಲ್ಲಿ ಮುಖದ ನೆರಳು ತುಂಬಲು ಹೊಸ ಕ್ಯಾಮೆರಾಗಳೂ ಇಷ್ಟು ಸುಲಭವಾಗಿ ಒದಗುವುದಿಲ್ಲ.

ಪುಣೆಯ ಹವೆ

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪುಣೆಗೆ ವರ್ಷಕ್ಕೆ ಬೀಳುವ ಮಳೆ 700 ಮಿ.ಮೀ. ಆಸುಪಾಸು. ಮುಂಬಯಿಗೆ ಹೋಲಿಸಿದರೆ ಕ್ಯಾಮೆರಾಕ್ಕೆ ಇದು ಒಳ್ಳೆಯ ಊರು. ಆದರೆ ವರ್ಷ ಎರಡು ಪಾಲಾಗುತ್ತದೆ. ಫೆಬ್ರವರಿಯಿಂದ ಮೇ ತನಕ ಗಾಳಿ ತೀರಾ ಒಣದು. ಏಪ್ರಿಲ್ ಮಧ್ಯಾಹ್ನಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ ದೂಳು ಏಳುತ್ತದೆ. ಜೂನ್ ಎರಡನೇ ವಾರದ ಹೊತ್ತಿಗೆ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ತೇವ ಇಳಿಯುವುದಿಲ್ಲ. ಹೀಗಾಗಿ ಇಲ್ಲಿನ ಒಡೆಯನಿಗೆ ಮೊದಲರ್ಧ ದೂಳಿನ ಚಿಂತೆ, ಎರಡನೆಯದು ಬೂಷ್ಟಿನ ಚಿಂತೆ.

ಊರು ಬಿಟ್ಟು ಪಶ್ಚಿಮಕ್ಕೆ ಹೊರಟರೆ ಲೆಕ್ಕವೇ ಬದಲು. ಲೋಣಾವಳ, ತಾಮ್ಹಿಣಿ ಘಾಟ್, 5,000 ಮಿ.ಮೀ. ಮೀರಿ ಮಳೆ ಬೀಳುವ ಮಹಾಬಳೇಶ್ವರ, ಇವೆಲ್ಲ ಮಳೆಗಾಲದಲ್ಲೇ ಫೋಟೋ ತೆಗೆಯಲು ಹೋಗುವ ಜಾಗಗಳು. ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ ಮೂಲದವರು ಬಹಳ ಜನ. ಅವರ ಕ್ಯಾಮೆರಾ ಮೇ ರಜೆಗೆ ಊರಿಗೆ ಹೋದಾಗ ಒಣ ಗಾಳಿಯಿಂದ ಒಮ್ಮೆಲೇ ಕರಾವಳಿಯ ತೇವಕ್ಕೆ ಇಳಿಯುತ್ತದೆ. ಎಸಿ ಬಸ್ಸಿನಿಂದ ಇಳಿದ ಕೂಡಲೇ ಚೀಲ ಬಿಚ್ಚಿದರೆ ತಣ್ಣಗಿನ ಗಾಜು ಮತ್ತು ಲೋಹದ ಮೇಲೆ ನೀರಾವಿ ಹನಿಗಟ್ಟುತ್ತದೆ. ಹೊರಗಿನ ಹನಿ ಒರೆಸಬಹುದು, ಲೆನ್ಸಿನೊಳಗೆ ಸೇರಿದ ತೇವವನ್ನು ಒರೆಸಲಾಗದು. ಚೀಲ ಮುಚ್ಚಿಯೇ ಒಂದು ಗಂಟೆ ಬಿಟ್ಟು, ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯುವುದು ಸರಿ.

ಬೂಷ್ಟು

ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಶಿಲೀಂಧ್ರವೇ ಭಾರತದಲ್ಲಿ ಹಳೆಯ ಕ್ಯಾಮೆರಾಗಳ ದೊಡ್ಡ ಶತ್ರು. ಅದು ಗಾಜಿನ ಲೇಪನದ ಮೇಲೆ ಬೆಳೆಯುತ್ತ ಆಮ್ಲ ಒಸರುತ್ತದೆ. ತಡವಾದರೆ ಬೂಷ್ಟು ತೆಗೆದರೂ ಕೊರೆದ ಗುರುತು ಗಾಜಿನಲ್ಲೇ ಉಳಿಯುತ್ತದೆ. ಸಾಪೇಕ್ಷ ಆರ್ದ್ರತೆ ಶೇ 60 ದಾಟಿದ ಜಾಗದಲ್ಲಿ ಕ್ಯಾಮೆರಾ ಇಡಬಾರದೆಂದು ನಿಕಾನ್ ಕೈಪಿಡಿಗಳೇ ಹೇಳುತ್ತವೆ. ಅದೇ ಕೈಪಿಡಿಗಳಲ್ಲಿ ಇನ್ನೆರಡು ಮಾತುಗಳಿವೆ, ನಮ್ಮ ಮನೆಗಳಿಗೆ ಹೇಳಿ ಮಾಡಿಸಿದಂತಿವೆ: ಕ್ಯಾಮೆರಾವನ್ನು ಕರ್ಪೂರದ ಅಥವಾ ನ್ಯಾಫ್ತಲಿನ್ ಗುಳಿಗೆಗಳ ಜೊತೆ ಇಡಬೇಡಿ, ತಿಂಗಳಿಗೊಮ್ಮೆಯಾದರೂ ಹೊರತೆಗೆದು ನಾಲ್ಕಾರು ಸಲ ಶಟರ್ ಒತ್ತಿ. ರೇಷ್ಮೆ ಸೀರೆಯ ಪಕ್ಕ, ಗುಳಿಗೆಗಳ ವಾಸನೆಯ ನಡುವೆ, ಚರ್ಮದ ಚೀಲದೊಳಗೆ ಕ್ಯಾಮೆರಾ ಇಡುವ ರೂಢಿ ಎರಡೂ ಕಾರಣಕ್ಕೆ ಕೆಟ್ಟದ್ದು. ಜೊತೆಗೆ ಚರ್ಮ ತೇವ ಹೀರಿ ಬೂಷ್ಟಿಗೆ ತವರಾಗುತ್ತದೆ.

ಉಪಾಯ ದುಬಾರಿಯೇನಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಆರ್ದ್ರತಾ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಜೆಲ್ ಬಣ್ಣ ಕಳೆದುಕೊಂಡಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು; ಪುಣೆಯ ಆಗಸ್ಟಿನಲ್ಲಿ ಡಬ್ಬ ದಿನವೂ ತೆರೆದು ಮುಚ್ಚುವವರಿಗೆ ಈ ಕೆಲಸ ಮೇಲಿಂದ ಮೇಲೆ ಬೀಳುತ್ತದೆ. ಮೂರು ನಾಲ್ಕು ಲೆನ್ಸ್ ಇರುವವರಿಗೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಲೇಸು. ಅಕ್ಕಿ ಡಬ್ಬದಲ್ಲಿ ಹುಗಿಯುವುದರಿಂದ ಹಿಟ್ಟಿನ ದೂಳು ಒಳಸೇರುತ್ತದೆಯೇ ಹೊರತು ಪ್ರಯೋಜನ ಅತ್ಯಲ್ಪ. ಬೂಷ್ಟು ಕಂಡ ಲೆನ್ಸನ್ನು ಉಳಿದವುಗಳಿಂದ ಬೇರೆ ಇಟ್ಟು, ತಡಮಾಡದೆ ಬಿಚ್ಚಿ ಶುಚಿ ಮಾಡುವವರಿಗೆ ಕೊಡಬೇಕು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಾದರೆ ಶುಚಿಯ ಕೂಲಿಗಿಂತ ಇನ್ನೊಂದು ಹಳೆಯ ಲೆನ್ಸ್ ಅಗ್ಗವಾಗುವುದೇ ಹೆಚ್ಚು.

ದೂಳು ಮತ್ತು ಸೆನ್ಸರ್ ಶುಚಿ

ವ್ಯೂಫೈಂಡರಿನಲ್ಲಿ ಕಾಣುವ ಕಪ್ಪು ಚುಕ್ಕೆ ಚಿತ್ರದಲ್ಲಿ ಬರುವುದಿಲ್ಲ. ಅದು ಕನ್ನಡಿಯ ಮೇಲೋ ಫೋಕಸಿಂಗ್ ಪರದೆಯ ಮೇಲೋ ಕೂತ ದೂಳು. ಹೊಸದಾಗಿ ಹಳೆಯ ಕ್ಯಾಮೆರಾ ಕೊಂಡವರು ಗಾಬರಿಯಾಗಿ ಆ ಪರದೆಯನ್ನು ಬಟ್ಟೆಯಿಂದ ಉಜ್ಜಿ ಗೀರು ಹಾಕುವುದುಂಟು. ಅದು ಮೃದು ಪ್ಲಾಸ್ಟಿಕ್. ಬ್ಲೋವರ್ ಗಾಳಿ ಬಿಟ್ಟು ಬೇರೇನೂ ಅದಕ್ಕೆ ತಾಗಬಾರದು. ಚಿತ್ರದಲ್ಲಿ ಮೂಡುವುದು ಸೆನ್ಸರಿನ ಮುಂದಿನ ಫಿಲ್ಟರ್ ಗಾಜಿಗೆ ಅಂಟಿದ ದೂಳು. ಬಿಳಿ ಗೋಡೆ ಅಥವಾ ತಿಳಿ ಆಕಾಶವನ್ನು ಎಫ್/16ರಲ್ಲಿ, ಫೋಕಸ್ ತಪ್ಪಿಸಿ ತೆಗೆದರೆ ಮಸುಕು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಸೆನ್ಸರ್ ನಡುಗಿಸಿ ದೂಳು ಉದುರಿಸುವ ಏರ್ಪಾಟು ಒಲಿಂಪಸ್ ಇ-1ರಲ್ಲಿ (2003) ಮೊದಲು ಬಂದು, 2006ರಲ್ಲಿ ಕ್ಯಾನನ್ 400ಡಿಗೂ ದೊರೆಯಿತು. ಡಿ40, ಡಿ80, ಡಿ200, ಮೊದಲ 5ಡಿಗಳಿಗೆ ಅದಿಲ್ಲ. ಇಲ್ಲಿ ಕೈಯೇ ಗತಿ.

ಬ್ಯಾಟರಿ ಪೂರ್ತಿ ತುಂಬಿಸಿ, ಮೆನುವಿನಿಂದ ಕನ್ನಡಿ ಎತ್ತಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದಬೇಕು. ಹೆಚ್ಚಿನ ದೂಳು ಇಷ್ಟಕ್ಕೇ ಹೋಗುತ್ತದೆ. ಬಾಯಿಂದ ಊದುವುದು ಬೇಡ, ಎಂಜಲು ಸಿಡಿಯುತ್ತದೆ. ಒತ್ತಡದ ಗಾಳಿ ಡಬ್ಬಿಯೂ ಬೇಡ, ಅದರ ದ್ರವ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಉಳಿದ ಅಂಟು ದೂಳಿಗೆ ಸೆನ್ಸರ್ ಅಗಲದ ಸ್ವಾಬ್, ಎರಡು ಮೂರು ಹನಿ ಶುಚಿ ದ್ರವ, ಆ ತುದಿಯಿಂದ ಈ ತುದಿಗೆ ಒಂದೇ ಎಳೆತ, ಮತ್ತೆ ಸ್ವಾಬಿನ ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ. ಮಧ್ಯದಲ್ಲಿ ಬ್ಯಾಟರಿ ಮುಗಿದರೆ ಕನ್ನಡಿಯೂ ಶಟರ್ ಪರದೆಯೂ ಸ್ವಾಬಿನ ಮೇಲೆಯೇ ಬೀಳುತ್ತವೆ. ಚುಕ್ಕೆ ಎಲ್ಲಿದೆಯೆಂದು ಹುಡುಕುವವರಿಗೆ ಒಂದು ಸೂತ್ರ: ಚಿತ್ರದ ಮೇಲಿನ ಎಡಮೂಲೆಯಲ್ಲಿ ಕಂಡದ್ದು, ಕ್ಯಾಮೆರಾವನ್ನು ಎದುರಿನಿಂದ ನೋಡುವಾಗ ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಹೀಗೆ.

ಪುಣೆಯ ದೂಳಿಗೆ ಊರಿನದೇ ಬಗೆಗಳಿವೆ. ಅನಂತ ಚತುರ್ದಶಿಯಂದು ಕಸಬಾ ಗಣಪತಿ ಮುಂದಾಗಿ ಲಕ್ಷ್ಮಿ ರಸ್ತೆಯಲ್ಲಿ ಸಾಗುವ ವಿಸರ್ಜನೆಯ ಮೆರವಣಿಗೆಯಲ್ಲಿ ಗುಲಾಲು ಹಾರುತ್ತದೆ. ಆ ನುಣುಪಾದ ಪುಡಿ ಜೂಮ್ ಲೆನ್ಸಿನ ಕೊಳವೆಯ ಸಂದಿನಲ್ಲಿ ಇಳಿದು, ಉಂಗುರ ತಿರುಗಿಸಿದಂತೆಲ್ಲ ಒಳಗೆ ಎಳೆಯಲ್ಪಡುತ್ತದೆ. ಮಳೆಯೂ ಜೊತೆಗೂಡಿದರೆ ಕೆಸರಾಗಿ ಕೂರುತ್ತದೆ. ಒಂದೇ ಲೆನ್ಸ್ ಹಾಕಿ ಹೊರಟು, ಮನೆಗೆ ಬರುವ ತನಕ ಬಿಚ್ಚದಿರುವುದು ಅನುಭವಸ್ಥರ ಪದ್ಧತಿ. ಹಳೆಯ ಅಗ್ಗದ ಬಾಡಿಯನ್ನೇ ಇದಕ್ಕಾಗಿ ಮೀಸಲಿಡುವವರೂ ಇದ್ದಾರೆ, ಅದು ವಿವೇಕದ ನಿರ್ಧಾರ. ಆಷಾಢದ ವಾರಿ ಯಾತ್ರೆಯಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ದಿವೇ ಘಾಟ್ ಏರುವಾಗ ಸಮಸ್ಯೆ ಬೇರೆ: ದೂಳಿಗಿಂತ ಮಳೆ ಕಾಡುತ್ತದೆ, ಡಿ40, 1000ಡಿ ದರ್ಜೆಯ ಬಾಡಿಗಳಿಗೆ ನೀರು ತಡೆಯುವ ಅಂಚುಪಟ್ಟಿಗಳಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸ್ ಬಾಯಿಯಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಬಿಗಿದರೆ ಕೆಲಸ ನಡೆಯುತ್ತದೆ.

ಬೇಸಗೆಯಲ್ಲಿ ಸುಪೆಯ ಮಯೂರೇಶ್ವರ ಅಭಯಾರಣ್ಯದಂಥ ಹುಲ್ಲುಗಾವಲಿಗೆ ಚಿಂಕಾರ ಹುಡುಕಿ ಹೋಗುವವರು, ಚಳಿಗಾಲದಲ್ಲಿ ಭಿಗವಣಕ್ಕೆ ರಾಜಹಂಸ ನೋಡಲು ಹೋಗುವವರು ಹಳೆಯ ಡಿಎಸ್‌ಎಲ್‌ಆರ್‌ಗಳ ನಿಷ್ಠಾವಂತ ಬಳಕೆದಾರರು. ಭಿಗವಣ ಇರುವುದು ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ. ಅಲ್ಲಿ ದೋಣಿಯಿಂದ ಹಕ್ಕಿ ತೆಗೆಯಲು ಹೊಸ ಬಾಡಿಗಿಂತ ಉದ್ದ ಲೆನ್ಸ್ ಮುಖ್ಯ. ಇದ್ದ ಹಣವನ್ನು ಲೆನ್ಸಿಗೆ ಹಾಕಿ, ಡಿ7000 ಅಥವಾ 60ಡಿಯಂಥ ಬಾಡಿಯಲ್ಲೇ ವರ್ಷಗಟ್ಟಲೆ ಮುಂದುವರಿಯುವ ಹವ್ಯಾಸಿಗಳ ಲೆಕ್ಕ ಸರಿಯಾದದ್ದು.

ಬ್ಯಾಟರಿ, ಕಾರ್ಡು, ಗಡಿಯಾರ

ಹಳೆಯ ಕ್ಯಾಮೆರಾ ‘ಸತ್ತಿದೆ’ ಎಂದು ಬಂದಾಗ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನು. ಹತ್ತು ಹದಿನೈದು ವರ್ಷದ ಲಿಥಿಯಂ ಬ್ಯಾಟರಿ ತುಂಬಿದಂತೆ ತೋರಿ ಇಪ್ಪತ್ತು ಚಿತ್ರಕ್ಕೆ ಕೈಕೊಡಬಹುದು. ಊದಿಕೊಂಡಿದ್ದರೆ ಬಳಸಲೇಬಾರದು, ಕೋಣೆಯೊಳಗೆ ಸಿಕ್ಕಿಕೊಂಡರೆ ಸ್ಕ್ರೂಡ್ರೈವರಿನಿಂದ ಮೀಟುವುದು ಬೆಂಕಿಗೆ ಆಹ್ವಾನ. ಡಿ80, ಡಿ90, ಡಿ200ಗಳ ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರ ಅಂಕಿಯಲ್ಲಿ ಕಾಣುತ್ತದೆ. ನಾಲ್ಕು ಬಂದರೆ ಬದಲಿಸಬೇಕು. ಕೆಲವು ಮಾದರಿಗಳ ಅದೃಷ್ಟ ಒಳ್ಳೆಯದು: 5ಡಿ ಮಾರ್ಕ್ 2, 7ಡಿ, 60ಡಿಗಳ ಎಲ್‌ಪಿ-ಇ6 ಬ್ಯಾಟರಿಯ ವಂಶ ಹೊಸ ಕನ್ನಡಿರಹಿತ ಕ್ಯಾಮೆರಾಗಳಲ್ಲೂ ಮುಂದುವರಿದಿರುವುದರಿಂದ ಹೊಸದು ಸುಲಭವಾಗಿ ಸಿಗುತ್ತದೆ. ಉಳಿದವರಲ್ಲಿ ಹೆಚ್ಚಿನವರು ಬೇರೆ ಕಂಪನಿಯ ಬ್ಯಾಟರಿಗಳನ್ನೇ ನೆಚ್ಚಬೇಕು. ಪೆಂಟಾಕ್ಸ್ ಕೆ100ಡಿಯಂಥವು ಎಲ್ಲ ಅಂಗಡಿಯಲ್ಲಿ ಸಿಗುವ ಎಎ ಸೆಲ್ಲಿನಲ್ಲಿ ಓಡುತ್ತವೆ.

ದಿನಾಂಕ ಪದೇ ಪದೇ ಅಳಿದುಹೋದರೆ ಗಡಿಯಾರದ ಸೆಲ್ ಮುಗಿದಿದೆಯೆಂದು ತಿಳಿಯಬೇಕು. ಕ್ಯಾನನ್ 350ಡಿ, 20ಡಿ, 5ಡಿಗಳಲ್ಲಿ ಸಿಆರ್2016 ಗುಂಡಿ ಸೆಲ್ ಹಾಕಿದರಾಯಿತು. ಹಲವು ನಿಕಾನ್ ಮಾದರಿಗಳಲ್ಲಿ ಅದು ಒಳಗೇ ಇದ್ದು, ಮುಖ್ಯ ಬ್ಯಾಟರಿಯಿಂದ ತುಂಬಿಕೊಳ್ಳುತ್ತದೆ. ಖಾಲಿ ಬಾಡಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ಬರಿದಾಗುತ್ತದೆ.

ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಹಾಕುವ ಕ್ಯಾಮೆರಾಗಳಲ್ಲಿ ಕಾರ್ಡನ್ನು ಓರೆಯಾಗಿ ತುರುಕಿದರೆ ಒಳಗಿನ ಸೂಜಿಗಳು ಬಾಗುತ್ತವೆ. ಕೊಳ್ಳುವ ಮುನ್ನ ಟಾರ್ಚ್ ಹಾಕಿ ನೋಡಬೇಕಾದ ಜಾಗವಿದು. ಎಸ್‌ಡಿ ಕಾರ್ಡಿನವುಗಳಲ್ಲಿ ಗಾತ್ರದ ಮಿತಿಯಿದೆ: ಡಿ50ಗೆ ಎಸ್‌ಡಿಎಚ್‌ಸಿ ಓದಲು ಬಾರದು, 2 ಜಿಬಿ ಒಳಗಿನ ಕಾರ್ಡೇ ಬೇಕು, ಡಿ40, ಡಿ80ಗಳು ಎಸ್‌ಡಿಎಚ್‌ಸಿ ಒಪ್ಪುತ್ತವೆ. ರಾ ಫೈಲುಗಳ ಬಗ್ಗೆ ಆತಂಕ ಬೇಡ. ಡೇವ್ ಕಾಫಿನ್ 1997ರಲ್ಲಿ ಬರೆಯತೊಡಗಿದ ಡಿಸಿರಾ ಕಾರ್ಯಕ್ರಮದ ಉಪಕಾರದಿಂದ ಇಂದಿನ ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ತಂತ್ರಾಂಶಗಳು ಹಳೆಯ ಫೈಲುಗಳನ್ನೂ ತೆರೆಯುತ್ತವೆ. ಅಂದಿನದಕ್ಕಿಂತ ಇಂದಿನ ತಂತ್ರಾಂಶ ಕಾಳು (ನಾಯ್ಸ್) ತೆಗೆಯುವುದರಲ್ಲಿ ಎಷ್ಟೋ ಮೇಲು. 2006ರಲ್ಲಿ ತೆಗೆದ ರಾ ಫೈಲನ್ನು ಈಗ ಮತ್ತೆ ಸಂಸ್ಕರಿಸಿದರೆ ಆಗ ಕಾಣದಿದ್ದ ವಿವರ ಕಾಣುತ್ತದೆ.

ರಂಗದ ಬೆಳಕಿನಲ್ಲಿ

ಹಳೆಯ ಸೆನ್ಸರಿನ ನಿಜವಾದ ದೌರ್ಬಲ್ಯ ಕತ್ತಲು. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆಯ ಶಕುಂತಲಾ ಜಗನ್ನಾಥ ಶೆಟ್ಟಿ ಸಭಾಂಗಣದಂಥ ವೇದಿಕೆಯಲ್ಲಿ ಯಕ್ಷಗಾನ ಚಿತ್ರಿಸಲು ಹೊರಟರೆ ಇದು ತಟ್ಟನೆ ತಿಳಿಯುತ್ತದೆ. ಸಿಸಿಡಿ ಕಾಲದ ಕ್ಯಾಮೆರಾ ಐಎಸ್‌ಒ 800 ದಾಟಿದರೆ ಕಾಳು ಏಳುತ್ತದೆ. ವೇಷದ ಕೆಂಪಿಗೆ ಕೆಂಪು ದೀಪ ಬಿದ್ದರೆ ಕೆಂಪು ಮಾತ್ರ ತುಂಬಿ ಹರಿದು, ಮುಖವರ್ಣಿಕೆಯ ಗೆರೆಗಳು ಅಳಿಯುತ್ತವೆ. ದಿಗಿಣ ಹಾಕುವ ವೇಷಧಾರಿಯನ್ನು ನಿಲ್ಲಿಸಲು 1/250 ಸೆಕೆಂಡಾದರೂ ಬೇಕು. ಕಿಟ್ ಲೆನ್ಸಿನಿಂದ ಇದು ಆಗದು; 50 ಎಂಎಂ ಎಫ್/1.8 ಲೆನ್ಸ್ ಹಾಕಿ, ರಾದಲ್ಲಿ ತೆಗೆದು, ಬೆಳಕನ್ನು ಒಂದು ಹಂತ ಕಡಿಮೆಯೇ ಇಟ್ಟರೆ ಬಣ್ಣ ಉಳಿಯುತ್ತದೆ. ನಿಕಾನ್ ಬಳಸುವವರು ಇಲ್ಲೊಂದು ಎಚ್ಚರ ವಹಿಸಬೇಕು: ಡಿ40, ಡಿ60, ಡಿ3000 ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಕೈಯಿಂದಲೇ ಫೋಕಸ್ ಆಗಬೇಕು. ಡಿ50, ಡಿ70, ಡಿ80, ಡಿ90ಗಳಲ್ಲಿ ಆ ತೊಂದರೆಯಿಲ್ಲ.

ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ತೊಡಗಿಸಿದ ಸವಾಯಿ ಗಂಧರ್ವ ಮಹೋತ್ಸವದಂಥ ಕಛೇರಿಯಲ್ಲಿ ಮತ್ತೊಂದು ಮಿತಿ ಎದುರಾಗುತ್ತದೆ, ಕನ್ನಡಿಯ ಸದ್ದು. ಆಲಾಪದ ನಡುವೆ ಆ ಖಟ್ ಶಬ್ದ ಅಕ್ಕಪಕ್ಕದವರಿಗೆ ಹಿಂಸೆ. ತಬಲಾ ಏರುವ ಹೊತ್ತಿಗೆ ಕಾದು ತೆಗೆಯುವುದು ಕೇಳುಗರಿಗೆ ಸಲ್ಲಿಸುವ ಮರ್ಯಾದೆ.

ಕೊಳ್ಳುವಿಕೆ ಮತ್ತು ರಿಪೇರಿ

ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರಿನಲ್ಲಿ ಹಳೆಯ ವಸ್ತುಗಳ ನಡುವೆ ಕ್ಯಾಮೆರಾಗಳೂ ಕಾಣುತ್ತವೆ. ಅವನ್ನು ಬಿಡಿಭಾಗಕ್ಕೆಂದು ಕೊಳ್ಳಬಹುದು, ಬಳಸಲೆಂದು ಕೊಳ್ಳುವುದು ಜೂಜು. ಬಳಸಲು ಬೇಕಾದರೆ ಬಿಲ್ಲು, ಪೆಟ್ಟಿಗೆ, ಚಾರ್ಜರ್ ಇಟ್ಟುಕೊಂಡ ಮೊದಲ ಒಡೆಯನಿಂದ ಪಡೆದರೆ ಕ್ಷೇಮ. ಬಿಲ್ಲಿನ ಕ್ರಮಸಂಖ್ಯೆ ಬಾಡಿಯದಕ್ಕೆ ತಾಳೆಯಾಗಬೇಕು. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ನಿಕಾನ್ ಚಿತ್ರದ ಮಾಹಿತಿಯಲ್ಲೇ ದಾಖಲಾಗುತ್ತದೆ, ಹೆಚ್ಚಿನ ಕ್ಯಾನನ್‌ಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶದಿಂದ ಓದಬೇಕು. ಡಿ90ರ ಶಟರ್ 1,00,000 ಸಲಕ್ಕೆ, ಡಿ300, ಡಿ700, 5ಡಿ ಮಾರ್ಕ್ 2ರವು 1,50,000 ಸಲಕ್ಕೆ ಪರೀಕ್ಷೆಗೊಂಡಂಥವು. ಇದು ಗಡುವಲ್ಲ, ಅಂದಾಜು. ಮದುವೆ ಹಂಗಾಮಿನಲ್ಲಿ ದಿನಕ್ಕೆ ಸಾವಿರಗಟ್ಟಲೆ ದುಡಿದ ಬಾಡಿ ಎರಡರಷ್ಟು ಬಾಳಿದ್ದೂ ಇದೆ, ಬೀರುವಿನಲ್ಲಿ ಮಲಗಿದ್ದು ಕಡಿಮೆ ಲೆಕ್ಕದಲ್ಲೇ ಅಂಟಿಕೊಂಡದ್ದೂ ಇದೆ. ಸಂಖ್ಯೆ ಕಡಿಮೆಯೆಂದು ಮಾರುಹೋಗದೆ ಗ್ರಿಪ್ಪಿನ ರಬ್ಬರ್, ಬ್ಯಾಟರಿ ಬಾಗಿಲ ಕೊಂಡಿ, ಲೆನ್ಸಿನ ಒಳಗಾಜು ನೋಡುವುದು ಮೇಲು.

ಕೆಲವು ದೋಷಗಳು ಮಾದರಿಗೇ ಅಂಟಿ ಬಂದವು. ಮೊದಲ 5ಡಿಯ ಕನ್ನಡಿ ಅಂಟು ಬಿಟ್ಟು ಉದುರುತ್ತಿತ್ತು, ಕ್ಯಾನನ್ ಅದನ್ನು ಒಪ್ಪಿ ಉಚಿತವಾಗಿ ಸರಿಪಡಿಸಿಕೊಟ್ಟಿತು. ನಿಕಾನ್ ಡಿ600ರ ಸೆನ್ಸರ್ ಮೇಲೆ ಚುಕ್ಕೆಗಳು ಬೀಳುತ್ತಿದ್ದುದಕ್ಕೆ 2014ರಲ್ಲಿ ಉಚಿತ ಸೇವೆ ಘೋಷಣೆಯಾಯಿತು. ಇಂಥ ಮಾದರಿ ಕೊಳ್ಳುವಾಗ ಆ ಕೆಲಸ ಆಗಿದೆಯೇ ಎಂದು ಕೇಳಬೇಕು. ಸಡಿಲಗೊಂಡು ಹಿಗ್ಗಿದ ರಬ್ಬರ್ ನಿಕಾನ್ ಬಾಡಿಗಳ ಸಾಮಾನ್ಯ ಕಾಯಿಲೆ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೆಳ್ಳನೆಯ ಎರಡು ಬದಿ ಅಂಟಿನ ಟೇಪಿನಿಂದ ಕೂರಿಸಬಹುದು. ಇಲ್ಲಿಗೆ ಮನೆಯ ರಿಪೇರಿ ನಿಲ್ಲಲಿ. ಒಳಗಿನ ಫ್ಲ್ಯಾಶ್ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಹೊಡೆಯುತ್ತದೆ.

ತಯಾರಿಕೆ ನಿಂತ ಕೆಲ ವರ್ಷಗಳಿಗೆ ಕಂಪನಿ ಬಿಡಿಭಾಗ ಕೊಡುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಹಳೆಯ ಕ್ಯಾಮೆರಾದ ಜೀವ ಪೇಟೆಯ ರಿಪೇರಿಗಾರರ ಕೈಯಲ್ಲಿದೆ. ಅವರು ಕೆಟ್ಟ ಬಾಡಿಗಳನ್ನು ಕೂಡಿಟ್ಟು ಒಂದರ ಶಟರ್, ಇನ್ನೊಂದರ ಬೋರ್ಡು, ಮತ್ತೊಂದರ ಡಯಲ್ ತೆಗೆದು ನಾಲ್ಕನೆಯದನ್ನು ನಡೆಸುತ್ತಾರೆ. ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬೆಸುಗೆಯ ಸಾಮಾನು, ಸಣ್ಣ ಸೆಲ್, ಕನೆಕ್ಟರ್ ಸಿಗುತ್ತವೆ. ಈ ಕುಶಲಕರ್ಮಿಗಳ ಕೆಲಸವನ್ನು ಯಾವ ಕೈಪಿಡಿಯೂ ಬರೆದಿಟ್ಟಿಲ್ಲ. ಹಾಗಾಗಿ ಕೆಟ್ಟ ಬಾಡಿಯನ್ನು ಎಸೆಯುವ ಮುನ್ನ ಅವರಿಗೆ ಕೇಳುವುದು ಒಡೆಯನ ಕರ್ತವ್ಯವೇ ಸರಿ. ಅವರಿಗೂ ಬೇಡವಾದರೆ ಇ-ತ್ಯಾಜ್ಯಕ್ಕೆ ಕೊಡಬೇಕು. ಪುಣೆಯಲ್ಲಿ ಕಸ ಆಯುವವರದೇ ಸಹಕಾರ ಸಂಸ್ಥೆಯಾದ ‘ಸ್ವಚ್ಛ್’ ಅದನ್ನು ಸಂಗ್ರಹಿಸುತ್ತದೆ.

ಮರುಬಳಕೆ

ಹಳೆಯ ಕ್ಯಾನನ್‌ಗಳಿಗೆ ಪುಣೆಯಲ್ಲಿ ಒಂದು ವಿಶೇಷ ಉಪಯೋಗವಿದೆ, ಖಗೋಳ ಛಾಯಾಗ್ರಹಣ. ಅಯುಕಾದಂಥ ಸಂಶೋಧನ ಕೇಂದ್ರವೂ 1944ರಲ್ಲಿ ಸ್ಥಾಪನೆಯಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆಯೆಂಬ ಹವ್ಯಾಸಿಗಳ ಸಂಘವೂ ಇರುವ ಊರಿದು. ಸಾಮಾನ್ಯ ಕ್ಯಾಮೆರಾದ ಫಿಲ್ಟರ್, ನೀಹಾರಿಕೆಗಳು ಸೂಸುವ 656.3 ನ್ಯಾನೊಮೀಟರಿನ ಕೆಂಪು ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಕ್ಯಾನನ್ ಅದನ್ನು ಒಳಬಿಡುವ 20ಡಿಎ (2005), 60ಡಿಎ (2012) ಮಾದರಿಗಳನ್ನೇ ತಂದಿತ್ತು. ಅಗ್ಗಕ್ಕೆ ಸಿಕ್ಕ 450ಡಿ ಅಥವಾ 1100ಡಿಯ ಫಿಲ್ಟರ್ ತೆಗೆಸಿದರೂ ಅದೇ ಫಲ. ದೂರದರ್ಶಕದ ಹಿಂದೆ ರಾತ್ರಿಯಿಡೀ ದುಡಿಯುವ ಬಾಡಿಗೆ ವೇಗದ ಫೋಕಸ್ ಬೇಕಿಲ್ಲ, ಮೇಲಿನ ರಬ್ಬರ್ ಕಿತ್ತಿದ್ದರೂ ನಡೆಯುತ್ತದೆ.

ಬಾಡಿ ಪೂರ್ತಿ ಮುಗಿದ ಮೇಲೂ ಲೆನ್ಸು ಉಳಿಯುತ್ತದೆ. ನಿಕಾನ್ ಎಫ್ ಮೌಂಟ್ 1959ರದು, ಕ್ಯಾನನ್ ಇಎಫ್ 1987ರದು. 2018ರಲ್ಲಿ ಬಂದ ಅಡಾಪ್ಟರುಗಳ ಮೂಲಕ ಇವು ಕನ್ನಡಿರಹಿತ ಕ್ಯಾಮೆರಾಗಳಿಗೂ ಕೂರುತ್ತವೆ. ಕ್ಯಾನನ್ ಇಎಫ್ ಲೆನ್ಸುಗಳು ಅಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಎಫ್-ಡಿ ಲೆನ್ಸುಗಳನ್ನು ಎಫ್‌ಟಿಜಡ್ ಅಡಾಪ್ಟರಿನಲ್ಲಿ ಕೈಯಿಂದ ಫೋಕಸ್ ಮಾಡಬೇಕು, ಅದರೊಳಗೂ ಮೋಟರ್ ಇಲ್ಲ. ಹೀಗಾಗಿ ಎಎಫ್-ಡಿ ಲೆನ್ಸುಗಳ ಸಂಗ್ರಹವುಳ್ಳವರು ಡಿ90 ಅಥವಾ ಡಿ7000 ಬಾಡಿಯೊಂದನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳಲು ಇಂದಿಗೂ ಬಲವಾದ ಕಾರಣವಿದೆ.